ಗಿಳಿ ಕೇಳಿದ ಲೆಕ್ಕ

ಮೂರನೇ ತರಗತಿಯಲ್ಲಿ ಮಗ್ಗಿ ಕೇಳುವಾಗ ಜಯಲತಾ ಕಿಟಕಿ ಪಕ್ಕದ ಬೆಂಚಿನಿಂದ ಶುರುಮಾಡಿ ಒಬ್ಬೊಬ್ಬರನ್ನೇ ಎಬ್ಬಿಸುತ್ತ ಬರುತ್ತಿದ್ದಳು. ದಾನೇಶ್ವರಿಯ ಬೆಂಚು ಬಂದಾಗ ಮಾತ್ರ ಅವಳನ್ನು ದಾಟಿ ಪಕ್ಕದ ಹುಡುಗಿಯ ಹೆಸರು ಹಿಡಿಯುತ್ತಿದ್ದಳು. ಅದು ಸಿಟ್ಟಿನಿಂದಲ್ಲ. ದಾನೇಶ್ವರಿಗೆ ಉಗ್ಗು ಇತ್ತು. ಎರಡನೇ ತರಗತಿಯಲ್ಲಿದ್ದಾಗ ಒಮ್ಮೆ ‘ನಾಲ್ಕು’ ಎಂಬುದರ ಮೊದಲ ಅಕ್ಷರದಲ್ಲೇ ಅವಳು ಸಿಕ್ಕಿಹಾಕಿಕೊಂಡು, ಕುತ್ತಿಗೆಯ ನರ ಉಬ್ಬಿ, ಕಣ್ಣಲ್ಲಿ ನೀರು ತುಂಬಿ ನಿಂತಿದ್ದಳು. ಇಡೀ ಕ್ಲಾಸು ನಕ್ಕುಬಿಟ್ಟಿತ್ತು. ಅಂದಿನಿಂದ ಜಯಲತಾ ಅವಳನ್ನು ಕೇಳುವುದನ್ನೇ ಬಿಟ್ಟಳು. ಮಗು ಮತ್ತೆ ಅವಮಾನಪಡುವುದು ಬೇಡ ಎಂಬುದಷ್ಟೇ ಅವಳ ಮನಸ್ಸಿನಲ್ಲಿತ್ತು. ಪರೀಕ್ಷೆಯಲ್ಲೂ ದಾನೇಶ್ವರಿ ಹೆಚ್ಚಿನ ಜಾಗ ಖಾಲಿ ಬಿಡುತ್ತಿದ್ದಳು, ಯಾಕೆಂದರೆ ಅವಳಿಗೆ ಅಕ್ಷರ ಕೂಡಿಸಿ ಓದುವುದು ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಹೀಗೆ ಕೇಳದೆ ಕೇಳದೆ, ಈ ಹುಡುಗಿಗೆ ಲೆಕ್ಕ ಬಾರದು ಎಂಬ ನಂಬಿಕೆ ಜಯಲತಾಳ ಮನಸ್ಸಿನಲ್ಲಿ ಸದ್ದಿಲ್ಲದೆ ಕೂತುಬಿಟ್ಟಿತ್ತು.

ಅದು ಮರಾಠಿ ನಾಡಿನ ಕೋಪರಖೈರಣೆಯಲ್ಲಿ ಭೀಮಾತೀರ ಕನ್ನಡ ಸಂಘದವರು ನಡೆಸುವ ಚಿಕ್ಕ ಶಾಲೆ. ವಾಶಿಯ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರ, ಕಟ್ಟಡದ ಕೆಲಸಕ್ಕೆ ಹೋಗುವವರ ಮಕ್ಕಳೇ ಅಲ್ಲಿ ಹೆಚ್ಚು. ಎಲ್ಲರೂ ಕಲಬುರಗಿ, ರಾಯಚೂರು, ವಿಜಯಪುರದ ಕಡೆಯಿಂದ ಬಂದವರು. ಜಯಲತಾ ಉಡುಪಿಯ ಕಡೆಯವಳು. ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು, ಠಾಣೆಯಲ್ಲಿ ಇಳಿದು, ವಾಶಿಯ ಗಾಡಿಗೆ ಬದಲಿಸಿಕೊಂಡು ಶಾಲೆಗೆ ಬರುವುದು ಅವಳಿಗೆ ಇಪ್ಪತ್ತು ವರ್ಷಗಳ ಅಭ್ಯಾಸ. ಮನೆಯಲ್ಲಿ ತುಳು, ರೈಲಿನಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಅವಳ ಕನ್ನಡ ಕೇಳಿ ಮಕ್ಕಳು ಮೊದಲೆಲ್ಲ ನಗುತ್ತಿದ್ದರು. ಈಗ ಅವರೇ ‘ಎಂತ ಟೀಚರ್’ ಎನ್ನುತ್ತಿದ್ದರು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಶಾಲೆಗೆ ಟ್ಯಾಬ್‌ಗಳು ಬಂದವು. ಸಂಘದ ಕಾರ್ಯದರ್ಶಿ ಅಶ್ವತ್ಥನಾರಾಯಣರು ಮೈಸೂರಿನವರು, ಬ್ಯಾಂಕಿನಿಂದ ನಿವೃತ್ತರಾಗಿ ಸೀವುಡ್ಸ್‌ನಲ್ಲಿ ನೆಲೆಸಿದವರು. ಅವರ ಮಗಳು ಸಂಯುಕ್ತಾ ಠಾಣೆಯ ಒಂದು ಐಟಿ ಕಂಪನಿಯಲ್ಲಿದ್ದಳು. ಅವಳ ಪ್ರಯತ್ನದಿಂದ ಕಂಪನಿಯವರು ಟ್ಯಾಬ್‌ಗಳನ್ನು ದಾನ ಕೊಟ್ಟು, ಗಣಿತದ ಅಭ್ಯಾಸಕ್ಕೆ ಯಾವುದಾದರೂ ಒಂದು ಆನ್‌ಲೈನ್ ಕಾರ್ಯಕ್ರಮದ ಚಂದಾ ಕಟ್ಟಲೂ ಒಪ್ಪಿದ್ದರು. ಯಾವುದು ಎಂದು ಶಾಲೆಯೇ ಆರಿಸಬೇಕಿತ್ತು. ಮೂರನ್ನು ಪರೀಕ್ಷೆಗೆಂದು ಹಾಕಿಸಿಕೊಟ್ಟಳು ಸಂಯುಕ್ತಾ.

“ಮೇಡಂ, ಮಕ್ಕಳನ್ನ ನೋಡ್ತಾ ಇರಿ, ಅಷ್ಟೇ. ಯಾವುದರಲ್ಲಿ ಅವರು ನಿಜವಾಗ್ಲೂ ಕಲೀತಾರೆ ಅಂತ ನಿಮಗೆ ಗೊತ್ತಾಗತ್ತೆ” ಎಂದಳು.

ಮೂರಕ್ಕೂ ಮಕ್ಕಳೇ ಹೆಸರಿಟ್ಟರು. ಮೊದಲನೆಯದು ‘ಓಟ’. ಪರದೆಯ ಮೇಲೆ ಕಾರು ಓಡುತ್ತಿತ್ತು, ಮೂಲೆಯಲ್ಲಿ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು, ಉತ್ತರ ತಡವಾದರೆ ಕಾರು ಹಳ್ಳಕ್ಕೆ ಬೀಳುತ್ತಿತ್ತು. ಕಾರು ಬೀಳಬಾರದೆಂದು ಮಕ್ಕಳು ಲೆಕ್ಕ ನೋಡದೆ ಏನನ್ನಾದರೂ ಒತ್ತತೊಡಗಿದರು. ಅದನ್ನು ಜಯಲತಾ ಎರಡೇ ದಿನಕ್ಕೆ ಬದಿಗಿಟ್ಟಳು.

ಎರಡನೆಯದು ‘ಗಿಳಿ’. ಅದರಲ್ಲೊಂದು ಹಸಿರು ಗಿಳಿ ಕನ್ನಡದಲ್ಲಿ ಲೆಕ್ಕ ಕೇಳುತ್ತಿತ್ತು. “ನಿನ್ನ ಹತ್ತಿರ ಹದಿನೈದು ಪೇರಲಹಣ್ಣು ಇವೆ, ಮೂವರಿಗೆ ಸಮನಾಗಿ ಹಂಚು ಪುಟ್ಟಾ” ಎನ್ನುತ್ತಿತ್ತು. ಮಕ್ಕಳು ಬಾಯಲ್ಲೇ ಉತ್ತರ ಹೇಳಬೇಕು. ತಪ್ಪಿದರೆ ಗಿಳಿ ಎಲ್ಲಿ ತಪ್ಪಿತೆಂದು ತಾಳ್ಮೆಯಿಂದ ವಿವರಿಸುತ್ತಿತ್ತು. ವಿಠಲನೆಂಬ ಹುಡುಗ ಭಾಗಾಕಾರವೆಂದರೆ ಬೆಂಚಿನ ಕೆಳಗೆ ಅಡಗುವವನು. ಅವನು ಗಿಳಿಯ ಮುಂದೆ ಕೂತು, “ಟೀಚರ್, ಭಾಗಾಕಾರ ಅಂದ್ರ ಹಂಚೂದಾ? ಮೊದಲೇ ಯಾಕ್ ಹೇಳ್ಲಿಲ್ಲ ನೀವು” ಎಂದು ಕೇಳಿದ.

ಮೂರನೆಯದು ‘ಮಣಿ’. ಅದರಲ್ಲಿ ಮಾತೇ ಇರಲಿಲ್ಲ. ಪರದೆಯ ಮೇಲೆ ಕೆಂಪು ಮಣಿಗಳು ಬರುತ್ತಿದ್ದವು. ಬೆರಳಿನಿಂದ ಎಳೆದು ಹತ್ತು ಕೂಡಿಸಿದರೆ ಅವು ಒಂದು ಸರವಾಗುತ್ತಿದ್ದವು. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯಬೇಕಾದರೆ ಒಂದು ಸರ ಬಿಚ್ಚಬೇಕಿತ್ತು. ತಪ್ಪಾದರೆ ಗಂಟೆಯಿಲ್ಲ, ಬೈಗುಳವಿಲ್ಲ. ಮಣಿಗಳು ತಾವಿದ್ದ ಜಾಗಕ್ಕೆ ಮೆಲ್ಲಗೆ ಮರಳುತ್ತಿದ್ದವು. ಹೊತ್ತಿನ ಲೆಕ್ಕವೂ ಇಲ್ಲ. ಆದರೆ ಕೆಲವು ಪಾಠಗಳು ದಾಟಿದ ಮೇಲೆ ಇಂಗ್ಲಿಷ್ ವಾಕ್ಯಗಳು ಬರುತ್ತಿದ್ದವು. ಅಲ್ಲಿಗೆ ತಲುಪಿದ ಮಕ್ಕಳು ಪರದೆ ನೋಡುತ್ತ ಸುಮ್ಮನೆ ಕೂರುತ್ತಿದ್ದರು. ಆಮೇಲೆ ಒಬ್ಬರಿಗೊಬ್ಬರು ಮೊಣಕೈ ತಿವಿಯತೊಡಗುತ್ತಿದ್ದರು.

ಮಣಿಯ ಮೂರನೆಯ ದಿನ ಜಯಲತಾ ಬೆಂಚುಗಳ ನಡುವೆ ಓಡಾಡುತ್ತಿದ್ದಾಗ ದಾನೇಶ್ವರಿಯ ಟ್ಯಾಬಿನ ಮೇಲೆ ಅವಳ ಕಣ್ಣು ಬಿತ್ತು. ಹುಡುಗಿ ಎರಡು ಬೆರಳುಗಳಿಂದ ಸರ ಬಿಚ್ಚುತ್ತಿದ್ದಳು, ಮಣಿಗಳನ್ನು ಸಾಲುಸಾಲಾಗಿ ಇಡುತ್ತಿದ್ದಳು. ಏಳೇಳರ ಆರು ಸಾಲು. ಅದು ಗುಣಾಕಾರ, ಆರರ ಮಗ್ಗಿಯನ್ನೂ ದಾಟದ ತರಗತಿಯಲ್ಲಿ ಅವಳು ಏಳರದ್ದನ್ನು ಮಾಡುತ್ತಿದ್ದಳು. ಪಕ್ಕದಲ್ಲಿ ನಾಲ್ಕು ಸರ, ಎರಡು ಬಿಡಿ ಮಣಿ ಇಟ್ಟು ನಲವತ್ತೆರಡು ಒತ್ತಿದಳು. ಮುಂದಿನ ಪುಟ ಬಂತು. ಅಲ್ಲಿ ಇಂಗ್ಲಿಷ್ ವಾಕ್ಯವಿತ್ತು. ದಾನೇಶ್ವರಿ ಅದನ್ನು ಓದಲು ಹೋಗಲಿಲ್ಲ. ವಾಕ್ಯದ ನಡುವಿನ ಅಂಕಿಗಳನ್ನು ನೋಡಿದಳು, ಕೆಳಗಿದ್ದ ಮಣಿಗಳನ್ನು ನೋಡಿದಳು, ಕೂಡಿಸಿ ನೋಡಿದಳು, ಆಗಲಿಲ್ಲ, ಕಳೆದು ನೋಡಿದಳು, ಆಯಿತು.

ಜಯಲತಾ ಅವಳ ಪಕ್ಕ ಬೆಂಚಿನ ತುದಿಯಲ್ಲಿ ಕೂತಳು. ಇನ್ನೊಂದು ಲೆಕ್ಕ ಬಂತು, ಮತ್ತೊಂದು ಬಂತು. ಹುಡುಗಿಯ ಉಸಿರು ಹಗುರಾಗಿತ್ತು. ಕುತ್ತಿಗೆಯ ನರ ಎಲ್ಲೂ ಕಾಣಲಿಲ್ಲ. ಒಂದು ಕಠಿಣ ಲೆಕ್ಕ ಬಿಡಿಸಿದ ಮೇಲೆ ಅವಳು ಟೀಚರ ಕೈಯನ್ನು ಮೆಲ್ಲಗೆ ಮುಟ್ಟಿ ಪರದೆ ತೋರಿಸಿದಳು. ಎರಡು ವರ್ಷಗಳಲ್ಲಿ ಅವಳಾಗಿಯೇ ಟೀಚರಿಗೆ ಏನನ್ನಾದರೂ ತೋರಿಸಿದ್ದು ಅದೇ ಮೊದಲು.

“ಇದೆಲ್ಲ ಎಲ್ಲಿ ಕಲಿತೆ ಮಗಾ ನೀನು?” ಎಂದು ಜಯಲತಾ ಕೇಳಿದಳು. ಕೇಳಿದ ಕೂಡಲೇ ಕೇಳಬಾರದಿತ್ತು ಅನ್ನಿಸಿತು. ದಾನೇಶ್ವರಿ ಮತ್ತೆ ಪರದೆಯ ಕಡೆ ತಿರುಗಿದಳು.

ಸಂಜೆ ಮಗಳನ್ನು ಕರೆದೊಯ್ಯಲು ತಾಯಿ ಮರಗಮ್ಮ ಕೈಗೂಸನ್ನು ಎತ್ತಿಕೊಂಡು ಬಂದಾಗ ಜಯಲತಾ ಗೇಟಿನವರೆಗೂ ಹೋದಳು.

“ನಿಮ್ಮ ಮಗಳಿಗೆ ಲೆಕ್ಕ ಚೆನ್ನಾಗಿ ಬರ್ತದೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಮುಂದೆ ಇದ್ದಾಳೆ ಅವಳು.”

ಮರಗಮ್ಮ ನಂಬದೆ ಟೀಚರ ಮುಖವನ್ನೇ ನೋಡಿದಳು. “ನಮ್ಮ ದಾನಿ ಏನ್ರೀ ಅಕ್ಕೋರ? ಆಕಿ ಬಾಯೇ ಬಿಡಂಗಿಲ್ಲಲ್ರೀ.”

“ಬಾಯಿ ಬಿಡದಿದ್ರೆ ಎಂತ? ತಲೆ ಓಡ್ತದಲ್ಲ.”

ಮರಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. “ಅವರಪ್ಪಗ ಹೇಳ್ತೀನ್ರೀ. ಬಿದ್ದ ಬಿದ್ದ ನಗ್ತಾನ” ಎಂದು ಮಗಳ ತಲೆ ನೇವರಿಸುತ್ತ ಹೋದಳು.

ಶನಿವಾರ ಮಧ್ಯಾಹ್ನ ಆಯ್ಕೆಯ ಸಭೆ ನಡೆಯಿತು. ಸಭೆ ಎಂದರೆ ಅಶ್ವತ್ಥನಾರಾಯಣರು, ಸಂಯುಕ್ತಾ, ಜಯಲತಾ ಮತ್ತು ಟೀ. ಕಂಪನಿ ಕೊಡುವುದು ಇಡೀ ಶಾಲೆಗೆ ಒಂದೇ ಕಾರ್ಯಕ್ರಮ ಎಂದು ಸಂಯುಕ್ತಾ ಮತ್ತೊಮ್ಮೆ ಹೇಳಿದಳು.

“ಮಕ್ಕಳ ಜೊತೆ ಕೂತಿದ್ದವರು ನೀವು ಮೇಡಂ. ನೀವು ಹೇಳಿದ್ದೇ ಆಗ್ಲಿ” ಎಂದರು ಅಶ್ವತ್ಥನಾರಾಯಣರು.

ಜಯಲತಾ ಕಪ್ಪು ಕೆಳಗಿಟ್ಟಳು. “ಒಂದು ಮಗುವಿಗೆ ಮಾತ್ರ ಬೇರೆ ಕೊಡ್ಲಿಕ್ಕೆ ಆಗುದಿಲ್ವಾ?”

“ಶಾಲೆಯ ಚಂದಾ ಅಂದ್ರೆ ಇಡೀ ಶಾಲೆಗೇ ಮೇಡಂ. ಒಬ್ಬರಿಗೆ ಅಂತ ಕೊಡಲ್ಲ ಅವರು” ಎಂದಳು ಸಂಯುಕ್ತಾ.

“ಗಿಳಿಯಲ್ಲಿ ಬಾಯಲ್ಲಿ ಹೇಳುವ ಬದಲು ಒತ್ತಿ ಹೇಳುದು?”

“ಕೇಳಿದೆ. ದೊಡ್ಡ ಕ್ಲಾಸಿಗಷ್ಟೇ ಇದೆಯಂತೆ. ಚಿಕ್ಕ ಮಕ್ಕಳು ಬಾಯಿ ಬಿಟ್ಟು ಹೇಳಿದ್ರೇನೇ ಚೆನ್ನಾಗಿ ಕಲೀತಾರೆ ಅನ್ನೋದು ಅವರ ವಾದ.” ಸಂಯುಕ್ತಾ ಕೇಳಿದಳು, “ನೀವು ಹೇಳಿದ್ರಲ್ಲ, ಆ ದಾನೇಶ್ವರಿ ಬಗ್ಗೆ ಯೋಚನೆನಾ?”

ಜಯಲತಾ ತಲೆಯಾಡಿಸಿದಳು. ಅವಳ ಕಣ್ಣ ಮುಂದೆ ಇಡೀ ಶಾಲೆ ಇತ್ತು. ಓದಲು ಬಾರದ, ಇಂಗ್ಲಿಷ್ ಗೊತ್ತೇ ಇಲ್ಲದ, ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಕ್ಕಳು. ಅವರಿಗೆ ತಮ್ಮ ಭಾಷೆಯಲ್ಲಿ, ಬೇಸರವಿಲ್ಲದೆ, ಎಷ್ಟು ಸಲ ಕೇಳಿದರೂ ಹೇಳಿಕೊಡುವ ಒಂದು ದನಿ ಸಿಕ್ಕಿತ್ತು. ಅದನ್ನು ಬೇಡ ಎನ್ನಲು ಅವಳ ಬಳಿ ಯಾವ ಕಾರಣವಿತ್ತು? ಒಂದು ಮಗುವಿನ ಕಾರಣವಿತ್ತು. ಅದನ್ನು ತಕ್ಕಡಿಯಲ್ಲಿಟ್ಟು ತೂಗುವ ಕೆಲಸ ತನ್ನ ಪಾಲಿಗೆ ಯಾಕೆ ಬಂತೋ ಎಂದು ಅವಳಿಗೆ ಸಂಕಟವಾಯಿತು.

“ಗಿಳಿಯೇ ಇರ್ಲಿ” ಎಂದಳು.

ಮುಂದಿನ ವಾರ ಟ್ಯಾಬ್‌ಗಳಿಂದ ಓಟ ಮತ್ತು ಮಣಿಯನ್ನು ತೆಗೆದು ಗಿಳಿಯನ್ನು ಉಳಿಸಿದರು. ತರಗತಿಯ ತುಂಬ ಗಿಳಿಗಳ ದನಿ, ಮಕ್ಕಳ ದನಿ. ದಾನೇಶ್ವರಿ ಟ್ಯಾಬ್ ತೆಗೆದುಕೊಂಡು ಮೊದಲು ಮಣಿಯ ಚಿತ್ರವನ್ನು ಹುಡುಕಿದಳು. ಪರದೆಯನ್ನು ಎಡಕ್ಕೆ ಸರಿಸಿದಳು, ಬಲಕ್ಕೆ ಸರಿಸಿದಳು. ಆಮೇಲೆ ಗಿಳಿಯನ್ನು ಒತ್ತಿದಳು.

“ಒಂಬತ್ತು ಮತ್ತು ಎಂಟು ಕೂಡಿಸಿದರೆ ಎಷ್ಟು ಪುಟ್ಟಾ?”

ಅವಳು ಬಾಯಿ ತೆರೆದಳು. “ಹ… ಹ…”

“ಕೇಳಿಸಲಿಲ್ಲ ಪುಟ್ಟಾ, ಇನ್ನೊಮ್ಮೆ ಹೇಳು.”

“ಹ…”

“ಕೇಳಿಸಲಿಲ್ಲ ಪುಟ್ಟಾ, ಇನ್ನೊಮ್ಮೆ ಹೇಳು.”

ಗಿಳಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಮೊದಲ ಸಲದಷ್ಟೇ ಅಕ್ಕರೆಯಿಂದ ಅದು ಪ್ರತಿ ಸಲವೂ ಕೇಳುತ್ತಿತ್ತು. ಕೊನೆಗೆ, “ಪರವಾಗಿಲ್ಲ, ಇನ್ನೂ ಸುಲಭದ್ದು ಕೇಳುತ್ತೇನೆ. ಎರಡು ಮತ್ತು ಒಂದು ಕೂಡಿಸಿದರೆ ಎಷ್ಟು?” ಎಂದಿತು. ದಾನೇಶ್ವರಿ ಟ್ಯಾಬನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಟೀಚರ ಮೇಜಿನ ಮೇಲಿಟ್ಟಳು. ಜಾಗಕ್ಕೆ ಹೋಗಿ ಕೈಕಟ್ಟಿ ಕೂತಳು.

ಜಯಲತಾ ಅವಳನ್ನು ಹೊರಗೆ ಕರೆದು ಬೆನ್ನ ಮೇಲೆ ಕೈಯಿಟ್ಟಳು. “ನನ್ನ ಫೋನಿಗೆ ಮಣಿ ಹಾಕಿಸ್ತೇನೆ. ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿಗೆ ಬಾ, ನೀನೊಬ್ಬಳೇ ಮಾಡು. ಆಯ್ತಾ?”

ಹುಡುಗಿ ತಲೆಯಾಡಿಸಿದಳು.

ಮರುದಿನ ಊಟದ ಬಿಡುವಿನಲ್ಲಿ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಜಯಲತಾಳ ಫೋನಿನಲ್ಲಿ ಜಾಗವಿರಲಿಲ್ಲ. ಹಳೆಯ ಫೋಟೋಗಳನ್ನು ಅಳಿಸಬೇಕಿತ್ತು. “ನಾಳೆ ಮಗಾ” ಎಂದಳು. ಮರುದಿನ ಮತದಾರರ ಪಟ್ಟಿಯ ಕೆಲಸಕ್ಕೆ ಕರೆ ಬಂತು. ಅದು ಮುಗಿಯುವಷ್ಟರಲ್ಲಿ ಗಂಡ ಮೋಹನದಾಸರ ಕಣ್ಣಿನ ಪೊರೆಯ ಆಪರೇಷನ್. ಆಸ್ಪತ್ರೆ, ಔಷಧಿ, ಕಲ್ಯಾಣದಿಂದ ಬಂದುಹೋಗುವ ನೆಂಟರು. ಶಾಲೆಗೆ ಬಂದ ದಿನಗಳಲ್ಲಿ ಹುಡುಗಿ ಬಾಗಿಲಲ್ಲಿ ನಿಂತಿರುವುದು ಕಾಣುತ್ತಿತ್ತು. ಅವಳು ಏನನ್ನೂ ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದಳು. ಆಮೇಲೆ ಬಾಗಿಲಿಗೆ ಬರುವುದನ್ನೂ ಬಿಟ್ಟಳು. ದೀಪಾವಳಿಯ ರಜೆ ಬಂತು.

ರಜೆಯಲ್ಲಿ ಜಯಲತಾ ಫೋನನ್ನು ಖಾಲಿ ಮಾಡಿ ಮಣಿ ಹಾಕಿಸಿಕೊಂಡಳು. ದಾನೇಶ್ವರಿ ಎಂದು ಹೆಸರು ಕೊಟ್ಟು, ಅವಳು ನಿಲ್ಲಿಸಿದ ಪಾಠದಿಂದಲೇ ಶುರುವಾಗುವಂತೆ ಇಟ್ಟಳು. ಶಾಲೆ ತೆರೆದ ದಿನ ಹುಡುಗಿ ಬರಲಿಲ್ಲ. ಮರುದಿನವೂ ಬರಲಿಲ್ಲ. ವಾರ ಕಳೆದಾಗ ವಿಠಲ ಹೇಳಿದ, “ಟೀಚರ್, ಆಕಿ ಅಪ್ಪಾ ಮಾರ್ಕೆಟ್‌ದಾಗ ಬಿದ್ದಾನ. ಆಕಿ ತಮ್ಮಗ ನೋಡ್ಕೋತಾಳ.”

ಶಾಲೆ ಬಿಟ್ಟ ಮೇಲೆ ಜಯಲತಾ ವಿಠಲ ತೋರಿಸಿದ ದಾರಿ ಹಿಡಿದು ಹೋದಳು. ಸಾಲುಮನೆಗಳ ಕೊನೆಯಲ್ಲಿ ಏಣಿ ಹತ್ತಿ ಹೋಗುವ ಮೇಲಿನ ಕೋಣೆ. ಒಳಗೆ ದಾನೇಶ್ವರಿಯ ಅಪ್ಪ ಸೈದಪ್ಪ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಚಾಪೆಯ ಮೇಲೆ ಮಲಗಿದ್ದ. ಈರುಳ್ಳಿಯ ಮೂಟೆ ಹೊತ್ತು ಹಲಗೆಯ ಮೇಲಿಂದ ಇಳಿಯುವಾಗ ಕಾಲು ಜಾರಿತ್ತು. ಮರಗಮ್ಮ ನೆರೂಳಿನ ಯಾವುದೋ ಸೊಸೈಟಿಯಲ್ಲಿ ಮನೆಗೆಲಸಕ್ಕೆ ಹೋಗಿ ಆಗಷ್ಟೇ ಬಂದಿದ್ದಳು. ದಾನೇಶ್ವರಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಟೀಚರನ್ನು ನೋಡಿ ಕೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

“ಕುಂದ್ರಿ ಅಕ್ಕೋರ” ಎಂದು ಮರಗಮ್ಮ ಪ್ಲಾಸ್ಟಿಕ್ ಸ್ಟೂಲು ಒರೆಸಿಕೊಟ್ಟಳು. “ಊರಿಗಿ ಹೊಂಟೀವ್ರೀ. ಡಾಕ್ಟರ ಭಾರ ಎತ್ತಬ್ಯಾಡ ಅಂದಾರ. ಭಾರ ಎತ್ತದ ಇಲ್ಲೇನ್ ಮಾಡಬೇಕ್ರೀ?”

“ಯಾವಾಗ?”

“ಐತವಾರ.”

ಜಯಲತಾ ಫೋನು ತೆಗೆದು ಮಣಿಯನ್ನು ತೆರೆದು ದಾನೇಶ್ವರಿಯ ಮುಂದೆ ಹಿಡಿದಳು. “ನೋಡು, ತಂದಿದ್ದೇನೆ.”

ಹುಡುಗಿ ಪರದೆಯನ್ನು ನೋಡಿದಳು. ಕೈ ಮುಂದೆ ಬರಲಿಲ್ಲ. ಅವಳ ತುಟಿ ಅಲ್ಲಾಡಿತು, ಕುತ್ತಿಗೆ ಬಿಗಿಯಿತು. ಜಯಲತಾ ಕಾದಳು. ಮರಗಮ್ಮ ಮಗಳ ಪರವಾಗಿ ಹೇಳಲು ಬಾಯಿ ತೆರೆದಾಗ ಜಯಲತಾ ಕೈಸನ್ನೆಯಿಂದ ತಡೆದಳು.

“ನಾ… ನಾ… ಒಂದು ತ… ತಪ್ಪು ಮಾಡಿದ್ದೆ” ಎಂದಳು ದಾನೇಶ್ವರಿ. “ಕಡೀ ದಿನ. ಅ… ಅದಕ್ಕ ತೆಗೆದ್ರಿ?”

ಜಯಲತಾಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಮಣಿ ಇದ್ದ ಕೊನೆಯ ದಿನ ಹುಡುಗಿ ಯಾವುದೋ ಒಂದು ಲೆಕ್ಕ ತಪ್ಪಿದ್ದಳು. ಮುಂದಿನ ವಾರ ಮಣಿ ಇರಲಿಲ್ಲ. ಅಂದಿನಿಂದ ಇವತ್ತಿನವರೆಗೂ ಆ ತಪ್ಪನ್ನು ಅವಳು ಹೊತ್ತುಕೊಂಡಿದ್ದಳು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲುತ್ತಿದ್ದುದು ಮಣಿಗಾಗಿ ಮಾತ್ರವಲ್ಲ, ಕ್ಷಮೆ ಸಿಗುತ್ತದೇನೋ ಎಂದು.

“ಇಲ್ಲ ಮಗಾ, ಇಲ್ಲ. ನಿನ್ನಿಂದ ಅಲ್ಲ.” ಜಯಲತಾ ಸ್ಟೂಲಿನಿಂದ ಇಳಿದು ನೆಲದ ಮೇಲೆ ಕೂತಳು. “ಉಳಿದ ಮಕ್ಕಳಿಗೆ ಇಂಗ್ಲಿಷ್ ಬರುದಿಲ್ಲ ನೋಡು. ಅವರಿಗೆ ಕಷ್ಟ ಆಗ್ತಿತ್ತು. ಅದಕ್ಕೆ ತೆಗೆದದ್ದು.”

ದಾನೇಶ್ವರಿ ಅದನ್ನು ಯೋಚಿಸಿದಳು. “ನ… ನಂಗೂ ಬರಂಗಿಲ್ಲ” ಎಂದಳು.

ಜಯಲತಾ ಫೋನನ್ನು ಅವಳ ಮುಂದೆ ನೆಲದ ಮೇಲಿಟ್ಟಳು. ಮರಗಮ್ಮ ಕೂಸನ್ನು ಎತ್ತಿಕೊಂಡಳು. ಕೈ ಬಿಡುವಾದ ಮೇಲೆ ದಾನೇಶ್ವರಿ ಟೀಚರ ಎದುರು ಕೂತು ಒಂದು ಮಣಿಯನ್ನು ಎಳೆದಳು, ಮತ್ತೊಂದನ್ನು ಎಳೆದಳು. ಸೈದಪ್ಪ ಕಷ್ಟಪಟ್ಟು ಮಗ್ಗುಲಾಗಿ ಮಗಳ ಬೆರಳುಗಳನ್ನೇ ನೋಡತೊಡಗಿದ.

“ಏನ್ ಮಾಡ್ಲಿಕತ್ತಾಳ್ರೀ ಈಗ?” ಎಂದು ಪಿಸುದನಿಯಲ್ಲಿ ಕೇಳಿದ.

“ಭಾಗಾಕಾರ” ಎಂದಳು ಜಯಲತಾ. “ಇಷ್ಟು ದೊಡ್ಡದನ್ನು ನಾನಿನ್ನೂ ಕಲಿಸಿಲ್ಲ.”

ಹೊರಗೆ ಬೆಳಕು ಇಳಿಯುವವರೆಗೂ ಹುಡುಗಿ ಮಾಡುತ್ತಲೇ ಇದ್ದಳು. ಜಯಲತಾ ಎದ್ದಾಗ ತಾನಾಗಿಯೇ ಫೋನನ್ನು ಫ್ರಾಕಿನಿಂದ ಒರೆಸಿ ಹಿಂದಕ್ಕೆ ಕೊಟ್ಟಳು.

“ನಮ್ಮ ಮನೆಯಲ್ಲಿ ಒಂದು ಹಳೆಯ ಫೋನು ಉಂಟು. ಐತವಾರದ ಮುಂಚೆ ಇದನ್ನು ಹಾಕಿಸಿ ತಂದುಕೊಡ್ತೇನೆ” ಎಂದಳು ಜಯಲತಾ.

ಸೈದಪ್ಪ ಮಲಗಿದ್ದಲ್ಲೇ ಕೈಮುಗಿದ. “ಬ್ಯಾಡ್ರೀ ಅಕ್ಕೋರ. ಊರಾಗ ನೆಟ್ ಬರಂಗಿಲ್ರೀ. ಊರ ಹೊರಗ ಹೋಗಿ ನಿಂತ್ರ ಮಾತು ಕೇಳಸ್ತದ, ಅಷ್ಟೇ. ಆ ಫೋನ್ ಹಿಡ್ಕೊಂಡು ಆಕಿ ದಿನಾ ಕಾಯ್ತಾಳ. ಕಾಯಸಬ್ಯಾಡ್ರೀ.”

ನೆಟ್ ಇಲ್ಲದೆ ನಡೆಯುವುದೇ ಎಂದು ಜಯಲತಾ ಅಂದೇ ಸಂಯುಕ್ತಾಳನ್ನು ಕೇಳಿದಳು. ಅವಳು ವಿಚಾರಿಸಿ, ನಡೆಯುವುದಿಲ್ಲ ಮೇಡಂ ಎಂದಳು. ಭಾನುವಾರ ಅವರು ಕಲ್ಯಾಣದಿಂದ ಕಲಬುರಗಿಯ ಗಾಡಿ ಹತ್ತಿದರು. ಜಯಲತಾ ಸ್ಟೇಷನ್ನಿಗೆ ಹೋಗಿ ಎಣಿಕೆ ಕಲಿಸುವ ಮಣಿಗಳ ಚೌಕಟ್ಟೊಂದನ್ನು ಹುಡುಗಿಯ ಕೈಗೆ ಕೊಟ್ಟಳು. ಮರದ್ದು, ಹತ್ತು ಸಾಲಿನದ್ದು, ಡೊಂಬಿವಲಿಯ ಅಂಗಡಿಯಲ್ಲಿ ಹುಡುಕಿ ತಂದದ್ದು. ದಾನೇಶ್ವರಿ ಅದನ್ನು ತಿರುಗಿಸಿ ನೋಡಿದಳು. ಇದರಲ್ಲಿ ಸರ ಬಿಚ್ಚಲು ಬರುವುದಿಲ್ಲ ಎಂಬುದು ಅವಳಿಗೆ ಕೂಡಲೇ ತಿಳಿಯಿತು. ಆದರೂ ಎದೆಗೆ ಒತ್ತಿಕೊಂಡಳು.

ಗಿಳಿ ಒಳ್ಳೆಯ ಆಯ್ಕೆಯೇ ಆಗಿತ್ತು. ಮಾರ್ಚಿನ ಪರೀಕ್ಷೆಯಲ್ಲಿ ವಿಠಲ ಭಾಗಾಕಾರದ ಲೆಕ್ಕಗಳನ್ನೆಲ್ಲ ಬಿಡಿಸಿದ. ತಪಾಸಣೆಗೆ ಬಂದ ಅಧಿಕಾರಿ ಮಕ್ಕಳ ಬಾಯಲ್ಲಿ ಲೆಕ್ಕ ಕೇಳಿ ಬೆರಗಾದರು. ಅಶ್ವತ್ಥನಾರಾಯಣರು ವಾರ್ಷಿಕೋತ್ಸವದಲ್ಲಿ ಜಯಲತಾಳಿಗೆ ಶಾಲು ಹೊದಿಸಿ, “ಸರಿಯಾದದ್ದನ್ನ ಆರಿಸೋದೂ ಒಂದು ವಿದ್ಯೆ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ಕೈಮುಗಿದಳು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವತ್ತಿನಿಂದ ಅವಳು ಮಗ್ಗಿ ಕೇಳುವಾಗ ಯಾರನ್ನೂ ದಾಟಿ ಹೋಗಲಿಲ್ಲ. ಬಾಯಿ ಬರದವರಿಗೆ ಸೀಮೆಸುಣ್ಣ ಕೊಟ್ಟಳು.

ಬೇಸಿಗೆ ರಜೆ ಮುಗಿದ ಮೇಲೆ ಒಂದು ಸಂಜೆ, ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಡೊಂಬಿವಲಿಯ ಗಾಡಿಗೆ ಕಾಯುತ್ತಿದ್ದಾಗ ಮರಗಮ್ಮನ ಫೋನು ಬಂತು. ಸೈದಪ್ಪ ಈಗ ಎದ್ದು ಓಡಾಡುತ್ತಿದ್ದಾನಂತೆ. ಕೂಸು ನಡೆಯುತ್ತಿದೆಯಂತೆ.

“ದಾನೇಶ್ವರಿ ಶಾಲೆಗೆ ಹೋಗ್ತಾಳಾ?”

“ಹಾಕಿದ್ವಿರೀ. ಅಲ್ಲಿ ಸರ್ ದಿನಾ ನಿಂದ್ರಸಿ ಮಗ್ಗಿ ಹೇಳಸ್ತಾರ್ರೀ. ಹುಡುಗೂರು ನಗ್ತಾವ. ಈಗ ನಾಕ್ ದಿನ ಆತು, ಹೋಗಂಗಿಲ್ಲ ಅಂತಾಳ. ನೀವಾದ್ರೂ ಒಂದ್ ಮಾತ್ ಹೇಳ್ರಿ ಅಕ್ಕೋರ. ಕೊಡ್ತೀನಿ ಆಕಿ ಕೈಯಾಗ.”

ಆ ಕಡೆ ಫೋನು ಕೈ ಬದಲಾದ ಸದ್ದು ಬಂತು. ಜಯಲತಾ ಜನರ ಗದ್ದಲದಿಂದ ದೂರ ಸರಿದು ಕಂಬಕ್ಕೆ ಒರಗಿ ಇನ್ನೊಂದು ಕಿವಿ ಮುಚ್ಚಿಕೊಂಡಳು.

“ದಾನೇಶ್ವರಿ, ನಾನು ಮಗಾ, ಟೀಚರ್. ನಿನಗೆ ಲೆಕ್ಕ ಎಷ್ಟು ಬರ್ತದೆ ಅಂತ ನಂಗೆ ಗೊತ್ತುಂಟು. ನಿಮ್ಮ ಸರ್ ಹತ್ರ ನಾನೇ ಫೋನಲ್ಲಿ ಮಾತಾಡ್ತೇನೆ, ನೀನು ಬರೆದು ತೋರಿಸಿದ್ರೆ ಸಾಕು ಅಂತ. ಶಾಲೆಗೆ ಹೋಗ್ತೀಯಲ್ಲ?”

ಉಸಿರಿನ ಸದ್ದು ಮಾತ್ರ ಕೇಳಿಸಿತು. ಗಾಡಿ ಬಂತು. ಜನ ನುಗ್ಗಿದರು, ಗಾಡಿ ಹೋಯಿತು. ಜಯಲತಾ ಕಾಯುತ್ತಲೇ ಇದ್ದಳು.

ಕೊನೆಗೆ ಮರಗಮ್ಮನ ದನಿ ಕೇಳಿಸಿತು. “ತಲಿ ಆಡಿಸಿದ್ಲರೀ ಅಕ್ಕೋರ.”

“ಹೂಂ ಅಂತಲಾ, ಇಲ್ಲ ಅಂತಲಾ?”

ಮರಗಮ್ಮ ಮೆಲ್ಲಗೆ, “ಇಲ್ಲ ಅಂತರೀ” ಎಂದಳು.

“ಸರ್ ನಂಬರು ಕೊಡಿ” ಎಂದಳು ಜಯಲತಾ. ಚೀಲದಲ್ಲಿ ಪೆನ್ನು ಹುಡುಕಿ ತೆಗೆದಳು. ಮರಗಮ್ಮ ಒಂದೊಂದೇ ಅಂಕಿ ಹೇಳುತ್ತ ಹೋದಳು. ಜಯಲತಾ ಅಂಗೈ ಮೇಲೆ ಬರೆದುಕೊಂಡಳು.